ಪಾದ್ರಿಯ ಪುತ್ರನೂ ಅಶೋಕನ ಬಂಡೆಯೂ

ಇಂದು ಪುಲಿಕೇಶಿನಗರವೆಂದು ಹೆಸರಾಗಿರುವ ಫ್ರೇಜರ್ ಟೌನಿನಲ್ಲಿ ಮುಂಜಾನೆ ನಡೆದುಹೋಗುವವರಿಗೆ ಮಸೀದಿಯ ಬಾಂಗು, ಇಗರ್ಜಿಯ ಗಂಟೆ, ದೇವಾಲಯದ ಜಾಗಟೆ ಈ ಮೂರೂ ಸ್ವಲ್ಪ ಹೊತ್ತಿನೊಳಗೆ ಕೇಳಿಬರುತ್ತವೆ. ಇಂತಹ ನೆರೆಹೊರೆಯಲ್ಲಿ ಬಾಳುವ ನಾವು ನಿಜವಾದ ಧರ್ಮವಾವುದೆಂಬ ಪ್ರಶ್ನೆಯನ್ನು ಪಂಡಿತರಿಗೆ ಬಿಟ್ಟು ಸುಮ್ಮನಿರಲಾರೆವು. ಈ ಬಡಾವಣೆಗೆ ಹೆಸರಿತ್ತ ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಏಳನೆಯ ಶತಮಾನದಲ್ಲಿ ಕಂಡ ಚೀನದ ಭಿಕ್ಷು ಹ್ಯೂಯೆನ್‌ತ್ಸಾಂಗನು, ಅಲ್ಲಿ ಬೌದ್ಧವಿಹಾರಗಳೂ ಅನ್ಯಮತಗಳ ದೇವಾಲಯಗಳೂ ಇದ್ದುವೆಂದು ಬರೆದಿರುವನು.

ಹನ್ನೊಂದನೆಯ ಶತಮಾನದಲ್ಲಿಯೂ ಬಳ್ಳಿಗಾವೆಯಲ್ಲಿ ಬೌದ್ಧವಿಹಾರವೊಂದಿದ್ದಿತು. ತರುವಾಯ ಕನ್ನಡನಾಡಿನಲ್ಲಿ ಬೌದ್ಧರು ವಿರಳರಾದರು. ಸಿಂಹಳದಲ್ಲಿ ನೆಲಸಿದ ಕ್ರೈಸ್ತ ಪಾದ್ರಿಗಳಿಗೆ ಬೌದ್ಧರು ನೆರೆಮನೆಯವರಾಗಿದ್ದರು. 1873ರಲ್ಲಿ ಪಾನದುರೆಯಲ್ಲಿ ಉಭಯ ಮತದವರಿಗೂ ಬಹಿರಂಗವಾಗಿ ವಾದವೇ ನಡೆಯಿತು. ಬೆಂಗಳೂರಿನ ಕ್ರೈಸ್ತನಿಗಾದರೋ ಬುದ್ಧನ ಅನುಯಾಯಿಯು ಎದುರಾದುದು ಒಂದು ಬಂಡೆಯ ಮೇಲೆ.

ಆ ಕ್ರೈಸ್ತರು ಬೆಂಜಮಿನ್ ಲೂಯಿಸ್ ರೈಸ್. ಲಂಡನ್ ಮಿಷನ್ನಿನ ಪಾದ್ರಿಗಳ ಪುತ್ರರಾಗಿ 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದವರು. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ ಹಿಂದಿರುಗಿ, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿಯೂ ಅನಂತರ ಪ್ರಾಕ್ತನ ಇಲಾಖೆಯಲ್ಲಿಯೂ ದುಡಿದರು. ಅವರು ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಸುಮಾರು 9000 ಶಾಸನಗಳು ಅಡಕವಾಗಿವೆ. 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಪ್ರಾಂತದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅವರಿಗೆ ಅಶೋಕನ ಶಾಸನಗಳು ದೊರೆತುವು. ಮೌರ್ಯ ಚಕ್ರವರ್ತಿಯ ಆಜ್ಞೆ ಮೈಸೂರು ಸೀಮೆಯವರೆಗೂ ಸಾಗಿತ್ತೆಂಬುದು ಆಗ ಸಿದ್ಧವಾಯಿತು.

ಈ ಶಾಸನವು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ. ತಾನು ಎರಡೂವರೆ ವರ್ಷಕ್ಕೂ ಮಿಗಿಲಾಗಿ ಉಪಾಸಕನಾಗಿದ್ದರೂ ಮೊದಲು ಒಂದು ವರ್ಷ ಹೆಚ್ಚಿನ ಶ್ರಮವನ್ನು ವಹಿಸಲಿಲ್ಲವೆಂದು ಚಕ್ರವರ್ತಿಯು ತಾನಾಗಿಯೇ ಒಪ್ಪಿಕೊಳ್ಳುತ್ತಾನೆ. ದೊಡ್ಡವರಂತೆ ಸಣ್ಣವರೂ ಪ್ರಯತ್ನದಿಂದ ಸ್ವರ್ಗವನ್ನು ಪಡೆಯಬಹುದೆನ್ನುತ್ತಾನೆ. ಬಳಿಕ ಅವನು ವಿಧಿಸುವುದೇನು? ತಾಯಿತಂದೆಗಳ ಮಾತನ್ನು ಕೇಳುವುದು, ಪ್ರಾಣಿಗಳಲ್ಲಿ ದಯೆ, ಸತ್ಯವನ್ನು ನುಡಿಯುವುದು, ಶಿಷ್ಯನು ಗುರುವನ್ನು ಗೌರವಿಸುವುದು, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳುವುದು. ಇದು ಪುರಾತನವಾದ ಪದ್ಧತಿಯೆಂದೇ ಅವನ ಮಾತು. ಕೊನೆಯಲ್ಲಿ ಲಿಪಿಕಾರ ಚಪಡನು ತನ್ನ ವೃತ್ತಿಯ ಹೆಸರನ್ನು ಮಾತ್ರ ಗಾಂಧಾರದ ಕಡೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿರುವನು. ಬರೆದವನಿಗೆ ವಾಯವ್ಯದ ಲಿಪಿಯ ಪರಿಚಯ, ಓದಿದವರು ಪಾದ್ರಿಯ ಪುತ್ರರು, ಬಂಡೆಯೋ ನಮ್ಮದು.

ಇಲ್ಲಿ ನಿರ್ವಾಣದ ಚರ್ಚೆಯಿಲ್ಲ, ಆರ್ಯಸತ್ಯಗಳ ವಿವರಣೆಯಿಲ್ಲ. ಅಶೋಕನಿಗೆ ಸ್ವಮತದಲ್ಲಿ ಶ್ರದ್ಧೆ ಸಾಲದೆಂದು ಇದರಿಂದ ತಿಳಿಯಬಾರದು. ಭಾಬ್ರೂ ಶಾಸನದಲ್ಲಿ ಅವನು ಬುದ್ಧ, ಧರ್ಮ, ಸಂಘಗಳಲ್ಲಿ ತನಗಿರುವ ಭಕ್ತಿಯನ್ನು ಸ್ಪಷ್ಟವಾಗಿ ಸಾರಿ, ಭಿಕ್ಷುಗಳು ಕೇಳತಕ್ಕ ಗ್ರಂಥಭಾಗಗಳನ್ನೂ ಹೆಸರಿಸಿರುವನು. ಶ್ರದ್ಧೆಯನ್ನು ತನ್ನದಾಗಿ ಇಟ್ಟುಕೊಂಡು, ಎಲ್ಲ ಪ್ರಜೆಗಳಿಂದಲೂ ಅವನು ಬಯಸಿದುದು ನಡತೆಯನ್ನು. ರಾಜಾಜ್ಞೆಯಿಂದ ದಯೆ ಹುಟ್ಟೀತೇ ಎಂದು ಕೇಳುವವರುಂಟು. ಆ ಆಕ್ಷೇಪಣೆ ಸಲ್ಲತಕ್ಕುದೇ. ಆದರೆ ಆಜ್ಞಾಪಿಸುವವನೇ ಮೊದಲು ತನ್ನ ಆಲಸ್ಯವನ್ನು ಹೇಳಿಕೊಂಡಿರುವುದನ್ನು ನಾವು ಮರೆಯಲಾಗದು.

ರೈಸ್ ಅವರು 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಅವರ ನಂತರ, 1980ರ ದಶಕದಲ್ಲಿ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಹನ್ನೆರಡನೆಯ ಶಾಸನವೂ ಕಂಡುಬಂದಿತು. ತನ್ನ ಮತವನ್ನು ಹೊಗಳಿ ಪರರದನ್ನು ಹಳಿಯುವವನು ತನ್ನ ಮತಕ್ಕೇ ಹಾನಿಯನ್ನುಂಟುಮಾಡುವನು. ಆದುದರಿಂದ ನಾಲಗೆಯನ್ನು ಬಿಗಿಹಿಡಿದು ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು ಎಂಬುದು ಅದರ ತಾತ್ಪರ್ಯ.

ಈ ಮಾತು ಸನ್ನತಿಯಲ್ಲಿ ದೊರೆಯುವುದಕ್ಕೆ ಎಷ್ಟೋ ಮುಂಚೆ, ರೈಸ್ ಅವರ ಕೆಲಸದಲ್ಲಿ ಅದು ಕಾಣುತ್ತದೆ. ಶ್ರವಣಬೆಳಗೊಳದ ಜೈನನ, ಬಳ್ಳಿಗಾವೆಯ ಕಾಳಾಮುಖನ, ಬ್ರಹ್ಮಗಿರಿಯ ಬೌದ್ಧನ ನುಡಿಗಳನ್ನು ಅವರು ಅಕ್ಷರ ಅಕ್ಷರವಾಗಿ ಕೇಳಿದರು. ಕೇಳಿದುದನ್ನು ಕೇಳಿದಂತೆ ಅಚ್ಚುಹಾಕಿಸಿದರು. ತನ್ನದಲ್ಲದ ಶ್ರದ್ಧೆಯ ಮಾತನ್ನು ಕೆಡಿಸದೆ ಕೇಳುವ ತಾಳ್ಮೆಯನ್ನು ನಾವು ಧರ್ಮದ ಒಂದು ಅಂಗವೆಂದೇ ಎಣಿಸುತ್ತೇವೆ. ನಾಳೆ ಮುಂಜಾನೆ ಆ ಮೂರು ಧ್ವನಿಗಳೂ ಮತ್ತೆ ಕೇಳಿಬಂದಾಗ, ಮೂರನ್ನೂ ಆಲಿಸುವಷ್ಟು ಬಿಡುವು ನಮ್ಮ ಮನಸ್ಸಿಗೆ ಇರಲಿ.