ರಾಜ್ಯಕ್ಕೆ ಬಂದ ಅಧಿಕಾರ ನಗರಕ್ಕೆ ಬರಲಿಲ್ಲ

1833ರ ಸನದು ಕಾಯ್ದೆ ಮುಂಬಯಿ ಪ್ರಾಂತ್ಯದ ಶಾಸನಾಧಿಕಾರವನ್ನೇ ಕಿತ್ತು ಕಲ್ಕತ್ತೆಗೆ ಕೊಟ್ಟಿತು. ಏಕಾತ್ಮಕ ಆಡಳಿತದ ಸ್ವಭಾವವೇ ಅದು: ಮೇಲಿನವರು ಕೊಟ್ಟಷ್ಟೇ ಕೆಳಗಿನವರಿಗೆ, ಬೇಕೆಂದಾಗ ಅದನ್ನೂ ಹಿಂದಕ್ಕೆ ಪಡೆಯಬಹುದು. ಬ್ರಿಟನ್ನಿನ ಸಂಸತ್ತು 1986ರಲ್ಲಿ ಗ್ರೇಟರ್ ಲಂಡನ್ ಕೌನ್ಸಿಲನ್ನು ರದ್ದುಮಾಡಿದ್ದು ಹೀಗೆಯೇ.

ಮುಂಬಯಿ ಪ್ರಾಂತ್ಯಕ್ಕೆ 1861ರಲ್ಲಿ ಶಾಸನಾಧಿಕಾರ ಒಂದಿಷ್ಟು ಮರಳಿತು. 1919ರಲ್ಲಿ ಕೆಲವು ಇಲಾಖೆಗಳು ಪ್ರಾಂತ್ಯದ ಮಂತ್ರಿಗಳ ಕೈಗೆ ಬಂದವು. 1935ರ ಕಾಯ್ದೆ ವಿಷಯಗಳನ್ನು ಮೂರು ಪಟ್ಟಿಗಳಲ್ಲಿ ಹಂಚಿತು, 1950ರ ಸಂವಿಧಾನವೂ ಆ ಕ್ರಮವನ್ನು ಉಳಿಸಿಕೊಂಡಿತು. ಒಕ್ಕೂಟದಲ್ಲಿ ಈ ಹಂಚಿಕೆಗೆ ಕೇಂದ್ರ, ರಾಜ್ಯ ಎರಡೂ ಸರ್ಕಾರಗಳು ಬದ್ಧ, ತಕರಾರಾದರೆ ತೀರ್ಪು ನ್ಯಾಯಾಲಯದ್ದು. ಆದರೂ ನಮ್ಮ ಸಂವಿಧಾನದ 3ನೇ ವಿಧಿಯಂತೆ ರಾಜ್ಯದ ಗಡಿ ಬದಲಿಸಲು ಸಂಸತ್ತಿಗೆ ಸಾಮಾನ್ಯ ಬಹುಮತ ಸಾಕು. ಆ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ.

ಆ ವಿಧಿಯ ಬಲವೇನೆಂದು 1956ರಲ್ಲಿ ಮುಂಬಯಿ ಕಂಡಿತು. ಮಹಾರಾಷ್ಟ್ರ, ಗುಜರಾತ್ ಬೇರೆ, ಮುಂಬಯಿ ಮಾತ್ರ ಕೇಂದ್ರಾಡಳಿತಕ್ಕೆ ಎಂಬುದು ಮೂಲ ಪ್ರಸ್ತಾವ. ಕೇಂದ್ರದ ಹಣಕಾಸು ಸಚಿವ ಸಿ.ಡಿ. ದೇಶಮುಖ್ ಅದನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ತೆತ್ತರು. ಕೊನೆಗೆ ಸಂಸತ್ತು ರಾಜ್ಯ ಪುನರ್ವಿಂಗಡಣಾ ಮಸೂದೆಯನ್ನೇ ತಿದ್ದಿ ದ್ವಿಭಾಷಾ ಮುಂಬಯಿ ರಾಜ್ಯ ಕಟ್ಟಿತು. ತಿದ್ದಿದ್ದನ್ನು ಶಾಸನಸಭೆಗೆ ಮತ್ತೆ ಒಪ್ಪಿಸಲಿಲ್ಲವೆಂದು ಬಾಬುಲಾಲ್ ಪರಾಟೆ ನ್ಯಾಯಾಲಯಕ್ಕೆ ಹೋದರು. ಹಾಗೆ ಒಪ್ಪಿಸಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 1959ರಲ್ಲಿ ತೀರ್ಪಿತ್ತಿತು. ಆ ದ್ವಿಭಾಷಾ ರಾಜ್ಯವೂ ಒಡೆದು 1960ರ ಮೇ 1ರಂದು ಮುಂಬಯಿ ಮಹಾರಾಷ್ಟ್ರದ ರಾಜಧಾನಿಯಾಯಿತು.

1956ರ ಆ ಕಾಯ್ದೆಯೇ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳನ್ನು ಮೈಸೂರು ರಾಜ್ಯಕ್ಕೆ ಸೇರಿಸಿದ್ದು. ನವೆಂಬರ್ 1ರಂದು ನಾವು ಸಂಭ್ರಮಿಸುವ ಏಕೀಕರಣವೂ ಸಂಸತ್ತಿನ ಅದೇ ಅಧಿಕಾರದ ಫಲ ಎಂಬುದನ್ನು ನಾನು ಮರೆಯಲಾರೆ. ಆ ಜಿಲ್ಲೆಗಳಿಂದ ಬಂದು ಇಲ್ಲಿ ಮುಂಬಯಿಯಲ್ಲಿ ನೆಲೆಸಿದ್ದವರಿಗೆ ಅದುವರೆಗೆ ರಾಜಧಾನಿಯಾಗಿದ್ದ ಊರು ಅಂದಿನಿಂದ ಹೊರರಾಜ್ಯದ್ದಾಯಿತು.

ಬೊಮ್ಮಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಕೊಟ್ಟ ತೀರ್ಪು ಒಕ್ಕೂಟ ಸ್ವರೂಪ ಸಂವಿಧಾನದ ಮೂಲರಚನೆಯ ಭಾಗವೆಂದಿತು. ರಾಜ್ಯಗಳಿಗೆ ಅದು ದೊಡ್ಡ ರಕ್ಷೆ. ಆದರೆ ಆ ರಕ್ಷೆ ನಗರಗಳವರೆಗೆ ಇಳಿದಿಲ್ಲ. ದೆಹಲಿಯ ಮುಂದೆ ಸ್ವಾಯತ್ತತೆ ಕೇಳುವ ರಾಜ್ಯ, ತನ್ನ ನಗರದ ಮಟ್ಟಿಗೆ ಏಕಾತ್ಮಕವಾಗಿಯೇ ವರ್ತಿಸುತ್ತದೆ. ಮುಂಬಯಿ ಪಾಲಿಕೆ ಇಂದಿಗೂ ನಡೆಯುವುದು 1888ರ ಕಾಯ್ದೆಯಡಿ. ಕಾರ್ಯಾಧಿಕಾರ ಮೇಯರರದ್ದಲ್ಲ, ರಾಜ್ಯ ನೇಮಿಸುವ ಆಯುಕ್ತರದ್ದು. 74ನೇ ತಿದ್ದುಪಡಿ 18 ವಿಷಯಗಳನ್ನು ಹೆಸರಿಸಿತು, ಕೊಡುವುದನ್ನು ಮಾತ್ರ ರಾಜ್ಯಕ್ಕೇ ಬಿಟ್ಟಿತು. 2017ರಲ್ಲಿ ಜಿಎಸ್‌ಟಿ ಬಂದು ಪಾಲಿಕೆಯ ಸ್ವಂತ ಆದಾಯವಾಗಿದ್ದ ಜಕಾತಿ ಹೋಯಿತು; ಈಗ ರಾಜ್ಯದಿಂದ ಪರಿಹಾರ ಬರಬೇಕು.

2022ರ ಮಾರ್ಚ್‌ನಲ್ಲಿ 227 ನಗರಸೇವಕರ ಅವಧಿ ಮುಗಿಯಿತು. ಆಮೇಲೆ ಮೂರು ವರ್ಷಕ್ಕೂ ಮಿಕ್ಕಿ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಯೇ ಪಾಲಿಕೆ ನಡೆಸಿದರು. ರಾಜ್ಯವೊಂದರಲ್ಲಿ ರಾಷ್ಟ್ರಪತಿ ಆಳ್ವಿಕೆಗೂ ಸಂವಿಧಾನ ಮೂರು ವರ್ಷದ ಮಿತಿ ಹಾಕಿದೆ. ಇದರ ಅರ್ಥ ಪಾಲಿಕೆಯ ಕನ್ನಡ ಶಾಲೆಯಲ್ಲಿ ಕಾಣುತ್ತದೆ: ಪಠ್ಯಪುಸ್ತಕ ರಾಜ್ಯದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯದು, ಮಾತೃಭಾಷೆಯ ಕಲಿಕೆಗೆ ಆಸರೆ ಸಂವಿಧಾನದ 350ಎ ವಿಧಿಯದು. ಶಾಲೆಗೆ ಶಿಕ್ಷಕರು ಬೇಕೆಂದು ಹೇಳಿಕೊಳ್ಳಲು ವಾರ್ಡಿನಲ್ಲಿ ಒಬ್ಬ ನಗರಸೇವಕ ಮಾತ್ರ ಆ ವರ್ಷಗಳಲ್ಲಿ ಇರಲಿಲ್ಲ.