ಕಾರಿನ ಬೆನ್ನಿಗೊಂದು ಕಣ್ಣು

ಹಿಂದು ಮುಂದು ನೋಡದೆ ಕೆಲಸಕ್ಕೆ ಕೈಹಾಕುವವರನ್ನು ನಾವು ಆಡಿಕೊಳ್ಳುವುದುಂಟು. ಆದರೆ ಮೋಟಾರು ಕಾರು ಹುಟ್ಟಿ ಎಷ್ಟೋ ವರ್ಷಗಳವರೆಗೆ ಅದನ್ನು ಓಡಿಸುವವನಿಗೆ ಮುಂದು ಮಾತ್ರ ಕಾಣುತ್ತಿತ್ತು, ಹಿಂದು ಕಾಣುತ್ತಿರಲಿಲ್ಲ. ಹಿಂದೆ ಏನಿದೆ ಎಂದು ತಿಳಿಯಬೇಕಾದರೆ ಕತ್ತು ತಿರುಗಿಸಬೇಕು, ಇಲ್ಲವೇ ಪಕ್ಕದಲ್ಲಿ ಕುಳಿತವರನ್ನು ಕೇಳಬೇಕು. ಇಂದು ರಿವರ್ಸ್ ಗೇರ್ ಹಾಕಿದೊಡನೆ ಸ್ಟಿಯರಿಂಗ್ ಪಕ್ಕದ ಪರದೆಯ ಮೇಲೆ ಹಿಂಬದಿಯ ಅಂಗಳ, ಕಾಂಪೌಂಡು, ಬಾಲ ಅಲ್ಲಾಡಿಸುತ್ತ ನಿಂತ ನಾಯಿ ಎಲ್ಲವೂ ಮೂಡುತ್ತವೆ. ಈ ಪುಟ್ಟ ಕಣ್ಣು ಕಾರಿನ ಬೆನ್ನಿಗೆ ಬಂದು ಕೂರಲು ನೂರು ವರ್ಷ ಹಿಡಿಯಿತು.

ಕತೆ ಶುರುವಾಗುವುದು ಹೆಂಗಸರ ಕೈಗನ್ನಡಿಯಿಂದ. ಇಂಗ್ಲೆಂಡಿನ ಹೆಸರಾಂತ ಕಾರು ಪಂದ್ಯಗಾರ್ತಿ ಡೊರೊಥಿ ಲೆವಿಟ್ 1909ರಲ್ಲಿ ‘ದಿ ವುಮನ್ ಅಂಡ್ ದಿ ಕಾರ್’ ಎಂಬ ಪುಸ್ತಕ ಬರೆದಳು. ಕಾರು ಓಡಿಸುವ ಮಹಿಳೆಯರು ಒಂದು ಕೈಗನ್ನಡಿಯನ್ನು ಜೊತೆಗಿಟ್ಟುಕೊಳ್ಳಬೇಕು, ಜನಸಂದಣಿಯಲ್ಲಿ ಆಗಾಗ ಅದನ್ನು ಎತ್ತಿ ಹಿಡಿದು ಹಿಂದೆ ಬರುವ ವಾಹನ ನೋಡಿಕೊಳ್ಳಬೇಕು ಎಂದು ಅದರಲ್ಲಿ ಸಲಹೆ ಇದೆ. ಮುಖ ನೋಡಿಕೊಳ್ಳುವ ಕನ್ನಡಿಯಲ್ಲಿ ದಾರಿ ನೋಡಬಹುದೆಂದು ಹೀಗೆ ಬರೆದಿಟ್ಟವರಲ್ಲಿ ಆಕೆ ಮೊದಲಿಗಳು.

ಕನ್ನಡಿಯನ್ನು ಕಾರಿಗೇ ಬಿಗಿದು ಜಗತ್ತಿನ ಗಮನ ಸೆಳೆದವನು ಅಮೆರಿಕದ ರೇ ಹರೂನ್. 1911ರ ಮೇ 30ರಂದು ಇಂಡಿಯಾನಾಪೊಲಿಸ್‌ನಲ್ಲಿ ಮೊದಲ 500 ಮೈಲಿ ಪಂದ್ಯ ನಡೆಯಿತು. ಉಳಿದ ಕಾರುಗಳಲ್ಲಿ ಚಾಲಕನ ಜೊತೆ ಒಬ್ಬ ಮೆಕ್ಯಾನಿಕ್ ಕುಳಿತಿರುತ್ತಿದ್ದ; ಹಿಂದೆ ಯಾರು ಬರುತ್ತಿದ್ದಾರೆಂದು ಹೇಳುವುದೂ ಅವನ ಕೆಲಸ. ನಮ್ಮ ಲಾರಿಗಳ ಕ್ಲೀನರ್ ಇದ್ದ ಹಾಗೆ ಎನ್ನಬಹುದು. ಹರೂನನ ಮಾರ್ಮನ್ ವಾಸ್ಪ್ ಕಾರಿನಲ್ಲಿ ಒಂದೇ ಆಸನ. ಮೆಕ್ಯಾನಿಕ್ ಇಲ್ಲದೆ ಓಡಿಸುವುದು ಅಪಾಯವೆಂದು ಇತರ ಪಂದ್ಯಗಾರರು ತಕರಾರು ತೆಗೆದಾಗ ಆತ ತನ್ನೆದುರಿಗೆ ಎಂಟು ಅಂಗುಲ ಉದ್ದ, ಮೂರು ಅಂಗುಲ ಅಗಲದ ಕನ್ನಡಿಯೊಂದನ್ನು ಬಿಗಿಸಿಕೊಂಡ. ಗಂಟೆಗೆ ಸುಮಾರು 120 ಕಿಲೋಮೀಟರ್ ಸರಾಸರಿ ವೇಗದಲ್ಲಿ ಓಡಿಸಿ ಪಂದ್ಯವನ್ನೂ ಗೆದ್ದ. ಹಿಂದೊಮ್ಮೆ ಕುದುರೆ ಗಾಡಿಯೊಂದಕ್ಕೆ ಇಂಥ ಕನ್ನಡಿ ಕಟ್ಟಿದ್ದನ್ನು ಕಂಡು ಈ ಉಪಾಯ ಹೊಳೆಯಿತೆಂದು ಆತ ಹೇಳಿಕೊಂಡಿದ್ದಾನೆ. ತಮಾಷೆಯೆಂದರೆ, ಇಟ್ಟಿಗೆ ಹಾಸಿದ ಆ ಪಥದ ಮೇಲೆ ಕಾರು ಎಷ್ಟು ಅದುರುತ್ತಿತ್ತೆಂದರೆ ಕನ್ನಡಿಯಲ್ಲಿ ಏನೂ ಕಾಣುತ್ತಿರಲಿಲ್ಲವೆಂದೂ ಮುಂದೆ ಆತನೇ ಒಪ್ಪಿಕೊಂಡ!

1921ರಲ್ಲಿ ಎಲ್ಮರ್ ಬರ್ಗರ್ ಎಂಬಾತ ಕನ್ನಡಿಗೆ ಪೇಟೆಂಟ್ ಪಡೆದು ಮಾರಾಟಕ್ಕೆ ತಂದ. ಅದಕ್ಕೆ ಆತ ಕೊಟ್ಟ ಹೆಸರು ‘ಕಾಪ್ ಸ್ಪಾಟರ್’, ಅಂದರೆ ಬೆನ್ನಟ್ಟಿ ಬರುವ ಪೋಲೀಸನನ್ನು ಪತ್ತೆ ಹಚ್ಚುವ ಸಾಧನ. ಅಲ್ಲಿಂದ ಮುಂದೆ ಕನ್ನಡಿ ಕಾರಿನ ಅಂಗವೇ ಆಗಿಹೋಯಿತು.

ಆದರೆ ಕನ್ನಡಿಗೆ ಒಂದು ಮಿತಿಯಿದೆ. ಅದು ಹಿಂದಿನ ಗಾಜಿನ ಮೂಲಕ ದೂರವನ್ನು ತೋರಿಸುತ್ತದೆಯೇ ಹೊರತು ಬಂಪರಿನ ಬುಡವನ್ನು ತೋರಿಸಲಾರದು. ಡಿಕ್ಕಿಯ ಎತ್ತರಕ್ಕಿಂತ ಕೆಳಗಿರುವುದೆಲ್ಲ ಅದರ ಪಾಲಿಗೆ ಕತ್ತಲೆ. ಪಕ್ಕದ ಕನ್ನಡಿಗಳು ಎಡಬಲಗಳನ್ನಷ್ಟೇ ಕಾಣಿಸುತ್ತವೆ. ಕಾರು ಎತ್ತರವಾದಷ್ಟೂ ಈ ಕುರುಡು ಜಾಗ ಹೆಚ್ಚು. ಮೂರಡಿ ಎತ್ತರದ ಮಗು ಅಲ್ಲಿ ನಿಂತಿದ್ದರೆ ಎಂಥ ಜಾಗರೂಕ ಚಾಲಕನಿಗೂ ಗೊತ್ತಾಗುವುದಿಲ್ಲ.

ಕ್ಯಾಮೆರಾದ ಯೋಚನೆ ಬಂದದ್ದು ಮಾತ್ರ ಮಗುವಿಗಾಗಿ ಅಲ್ಲ, ಬೆರಗಿಗಾಗಿ. ಜನರಲ್ ಮೋಟಾರ್ಸ್ 1956ರಲ್ಲಿ ಬ್ಯುಯಿಕ್ ಸೆಂಚುರಿಯನ್ ಎಂಬ ಪ್ರದರ್ಶನದ ಕಾರನ್ನು ತಯಾರಿಸಿತು. ಗಾಜಿನ ಗುಳ್ಳೆಯಂಥ ಮೇಲ್ಛಾವಣಿ, ವಿಮಾನದಂಥ ಬಾಲ. ಆ ಬಾಲದಲ್ಲೊಂದು ಟೆಲಿವಿಷನ್ ಕ್ಯಾಮೆರಾ, ಚಾಲಕನೆದುರು ಪುಟ್ಟ ಪರದೆ, ಕನ್ನಡಿಯೇ ಇಲ್ಲ. ಅದು ಮಾರಾಟಕ್ಕೆ ಬರಲಿಲ್ಲ. 1972ರಲ್ಲಿ ಸ್ವೀಡನ್ನಿನ ವೋಲ್ವೋ ತನ್ನ ಪ್ರಾಯೋಗಿಕ ಸುರಕ್ಷತಾ ಕಾರಿಗೆ ಹಿನ್ನೋಟದ ಕ್ಯಾಮೆರಾ ಅಳವಡಿಸಿತು. ಅದೂ ಪ್ರಯೋಗವಾಗಿಯೇ ಉಳಿಯಿತು. ಅಂದಿನ ಕ್ಯಾಮೆರಾಗಳು ದೊಡ್ಡವು, ದುಬಾರಿ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಚಿಪ್ ಬೆಳಕನ್ನು ನೇರವಾಗಿ ವಿದ್ಯುತ್ ಸಂಕೇತವಾಗಿಸಿದ ಮೇಲೆಯೇ ಕ್ಯಾಮೆರಾ ಕುಗ್ಗಿ ಹೆಬ್ಬೆರಳಿನ ಗಾತ್ರಕ್ಕೆ ಬರುವ ದಾರಿ ತೆರೆಯಿತು. 1991ರಲ್ಲಿ ಟೊಯೋಟಾ ಜಪಾನಿನಲ್ಲಿ ಮಾರಿದ ಸೋರರ್ ಕಾರಿನಲ್ಲೂ, ಬಳಿಕ 2002ರ ಮಾದರಿಯ ಇನ್ಫಿನಿಟಿ ಕ್ಯೂ 45ರಲ್ಲೂ ಅದು ಶ್ರೀಮಂತರ ಸೌಕರ್ಯವಾಗಿ ಬಂತು.

ಸೌಕರ್ಯ ಕಾನೂನಾಗಿ ಬದಲಾದ ಬಗೆ ಮನಸ್ಸು ಕಲಕುವಂಥದು. 2002ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಮಕ್ಕಳ ವೈದ್ಯರೊಬ್ಬರು ತಮ್ಮ ಮನೆಯ ಮುಂದೆಯೇ ಎತ್ತರದ ವಾಹನವನ್ನು ಹಿಂದಕ್ಕೆ ತೆಗೆಯುವಾಗ ಅವರ ಎರಡು ವರ್ಷದ ಮಗ ಕ್ಯಾಮರಾನ್ ಗಲ್ಬ್ರಾನ್ಸೆನ್ ಚಕ್ರಕ್ಕೆ ಸಿಕ್ಕಿ ಸತ್ತ. ಊರಿನ ಮಕ್ಕಳನ್ನೆಲ್ಲ ಬದುಕಿಸುವವನ ಕೈಯಿಂದಲೇ ಹೀಗಾಯಿತು. ಆ ತಂದೆ ದುಃಖವನ್ನು ನುಂಗಿಕೊಂಡು ಸುಮ್ಮನೆ ಕೂರಲಿಲ್ಲ; ಇಂಥದೇ ನೋವುಂಡ ಇತರ ತಂದೆತಾಯಿಯರೊಡನೆ ಸೇರಿ ಹೋರಾಡಿದರು. 2008ರ ಫೆಬ್ರವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದ ಶಾಸನಕ್ಕೆ ಆ ಮಗುವಿನ ಹೆಸರೇ ಇದೆ. ನಿಯಮ 2011ಕ್ಕೆ ಸಿದ್ಧವಾಗಬೇಕಿತ್ತು, ಆದರೆ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2013ರಲ್ಲಿ ಪೋಷಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕೊನೆಗೆ 2014ರ ಮಾರ್ಚ್ 31ರಂದು ನಿಯಮ ಹೊರಬಿತ್ತು.

ಆಗ ಅಮೆರಿಕ ಸರ್ಕಾರ ಕೊಟ್ಟ ಅಂಕಿಗಳು ಹೀಗಿದ್ದವು: ವರ್ಷಕ್ಕೆ ಸರಾಸರಿ 210 ಸಾವು, 15,000 ಮಂದಿಗೆ ಗಾಯ. ಸತ್ತವರಲ್ಲಿ ಶೇಕಡ 31ರಷ್ಟು ಐದು ವರ್ಷದೊಳಗಿನ ಮಕ್ಕಳು, ಶೇಕಡ 26ರಷ್ಟು ಎಪ್ಪತ್ತು ದಾಟಿದ ಹಿರಿಯರು. ವಾಹನದ ಹಿಂದೆ ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಜಾಗ ಕಾಣಲೇಬೇಕು, 2018ರ ಮೇ ತಿಂಗಳಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ ಎಂದಿತು ನಿಯಮ. ಇದರಿಂದ ವರ್ಷಕ್ಕೆ 58ರಿಂದ 69 ಜೀವ ಉಳಿಯಬಹುದೆಂಬುದು ಅವರದೇ ಅಂದಾಜು. ಅಂದರೆ ಕ್ಯಾಮೆರಾ ಇದ್ದೂ ಹೆಚ್ಚಿನ ಸಾವುಗಳು ತಪ್ಪಲಾರವೆಂದೇ ಲೆಕ್ಕ. ಪರದೆ ತೋರಿಸುತ್ತದೆ ನಿಜ, ನೋಡಬೇಕಾದವರು ನಾವು ತಾನೇ?

ನಮ್ಮಲ್ಲಿ ಬಹುಕಾಲ ಈ ಕೆಲಸ ಮಾಡಿದ್ದು ಮನುಷ್ಯನ ಕಂಠ. ಲಾರಿಯ ಹಿಂದೆ ನಿಂತು ಕ್ಲೀನರ್ ಹುಡುಗ ‘ಬರ್ಲಿ, ಬರ್ಲಿ, ಬರ್ಲಿ’ ಎಂದು ಕೂಗುತ್ತ ಬಾಡಿಯ ಮೇಲೆ ಅಂಗೈಯಿಂದ ತಟ್ಟುವುದನ್ನು ಕಾಣದವರಾರು? ಆಮೇಲೆ ರಿವರ್ಸ್ ಹಾಕಿದರೆ ಸಿನಿಮಾ ಹಾಡಿನ ಧಾಟಿ ನುಡಿಯುವ ಕಾರುಗಳು ಬಂದು ಬಡಾವಣೆಗಳ ಬೆಳಗಿನ ನಿದ್ದೆ ಕೆಡಿಸಿದವು. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂಬದಿಯ ಸೆನ್ಸರ್ ಕಡ್ಡಾಯವಾಯಿತು. ಸೆನ್ಸರ್ ಅಡ್ಡ ಏನೋ ಇದೆಯೆಂದು ಕೂಗಿ ಹೇಳುತ್ತದೆ, ಏನಿದೆಯೆಂದು ಹೇಳದು. ಹೀಗಾಗಿ ಹಳೆಯ ಕಾರುಗಳಿಗೆ ಕ್ಯಾಮೆರಾ ಕೂರಿಸುವ ಕೆಲಸ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳವರೆಗೆ ನಡೆಯುತ್ತಿದೆ.

ಕೂರಿಸುವುದರಲ್ಲೇ ಎಡವಟ್ಟಾದರೆ ಕಣ್ಣಿದ್ದೂ ಕುರುಡು. ನನ್ನ ಬಂಧುಗಳೊಬ್ಬರ ಕಾರಿಗೆ ಅಂಗಡಿಯಲ್ಲಿ ಕ್ಯಾಮೆರಾ ಹಾಕಿಕೊಟ್ಟಿದ್ದರು. ಪರದೆಯಲ್ಲಿ ಕಂಬ ಬಲಕ್ಕೆ ಕಾಣುತ್ತಿತ್ತು, ಅವರು ಎಡಕ್ಕೆ ತಿರುಗಿಸಿಕೊಂಡು ಬಂದರು, ಕಂಬಕ್ಕೇ ಗುದ್ದಿದರು. ಕಾರಣ ಸರಳ. ಹಿಂದಕ್ಕೆ ಮುಖ ಮಾಡಿದ ಕ್ಯಾಮೆರಾಕ್ಕೆ ಕಾರಿನ ಎಡಬದಿ ಬಲಕ್ಕೆ ಕಾಣುತ್ತದೆ. ಅದನ್ನು ಕನ್ನಡಿಯಂತೆ ಮಗುಚಿ ತೋರಿಸುವ ಏರ್ಪಾಡು ಕ್ಯಾಮೆರಾದಲ್ಲೋ ಪರದೆಯಲ್ಲೋ ಇರುತ್ತದೆ. ಮುಂಬದಿ, ಹಿಂಬದಿ ಎರಡಕ್ಕೂ ಬಳಸುವ ಕ್ಯಾಮೆರಾಗಳಲ್ಲಿ ಇದು ತಪ್ಪುವುದೇ ಹೆಚ್ಚು. ಅಂಗಡಿಯಿಂದ ಹೊರಡುವ ಮುನ್ನ ಒಬ್ಬರನ್ನು ಕಾರಿನ ಹಿಂದೆ ಎಡಮೂಲೆಯಲ್ಲಿ ನಿಲ್ಲಿಸಿ, ಪರದೆಯಲ್ಲೂ ಎಡಕ್ಕೇ ಕಾಣುತ್ತಾರೆಯೇ ಎಂದು ನೋಡಿದರೆ ಸಾಕು.

ಇನ್ನು ತಂತಿಯ ವಿಷಯ. ಕ್ಯಾಮೆರಾಕ್ಕೆ ಸಾಮಾನ್ಯವಾಗಿ ರಿವರ್ಸ್ ದೀಪದಿಂದಲೇ 12 ವೋಲ್ಟ್ ವಿದ್ಯುತ್ ಕೊಡುತ್ತಾರೆ. ಗೇರ್ ಹಾಕಿದಾಗ ಮಾತ್ರ ಚಿತ್ರ ಬರಲೆಂದು. ಆ ತಂತಿ ಯಾವುದೆಂದು ಪತ್ತೆ ಮಾಡಲು ಇಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಕೀಲಿ ಆನ್ ಮಾಡಿ ರಿವರ್ಸ್ ಗೇರ್ ಹಾಕಿ ಮೀಟರಿನಿಂದ ಪರೀಕ್ಷಿಸಬೇಕು. ಗುರುತು ಸಿಕ್ಕ ಮೇಲೆ ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ, ಆಮೇಲೆ ಜೋಡಣೆಗೆ ಕೈಹಾಕಬೇಕು. ಹಲ್ಲಿನಿಂದ ತಂತಿಯ ಸಿಪ್ಪೆ ಸುಲಿದು, ತಿರುಚಿ, ಟೇಪು ಸುತ್ತಿ ಮುಗಿಸುವವರಿದ್ದಾರೆ. ಬಿಸಿಲಿಗೆ ಟೇಪಿನ ಅಂಟು ಬಿಟ್ಟು ತಂತಿ ಬಾಡಿಗೆ ತಗುಲಿದರೆ ಶಾರ್ಟ್ ಸರ್ಕ್ಯೂಟ್ ಖಂಡಿತ. ಬೆಸುಗೆ ಹಾಕಿಸಿ ಅಥವಾ ಸರಿಯಾದ ಕನೆಕ್ಟರ್ ಬಳಸಿ. ನಡುವೆ ಸಣ್ಣ ಫ್ಯೂಸ್ ಇರಲಿ. ಕಂಪನಿಯ ತಂತಿ ಕತ್ತರಿಸಿದರೆ ವಾರಂಟಿಗೂ ಕುತ್ತು ಬರಬಹುದು, ಕಪ್ಲರ್ ಸಿಕ್ಕರೆ ಅದೇ ಮೇಲು.

ಡಿಕ್ಕಿಯ ಬಾಗಿಲಿನಿಂದ ಒಳಕ್ಕೆ ತಂತಿ ಬರಬೇಕಾದ್ದು ಅಲ್ಲಿ ಮೊದಲೇ ಇರುವ ರಬ್ಬರ್ ಕೊಳವೆಯೊಳಗಿಂದ. ಹೊಸ ತೂತು ಕೊರೆದರೆ ಅದರ ಅಂಚಿಗೆ ತುಕ್ಕು ಹಿಡಿಯದ ಬಣ್ಣ ಬಳಿದು ರಬ್ಬರ್ ಬಳೆ ಕೂರಿಸಬೇಕು. ಇಲ್ಲದಿದ್ದರೆ ತಗಡಿನ ಅಂಚೇ ದಿನದಿನವೂ ತಂತಿಯನ್ನು ಕೊಯ್ಯುತ್ತದೆ. ಮುಂದಕ್ಕೆ ಎಳೆಯುವಾಗ ಬಾಗಿಲ ಹೊಸ್ತಿಲ ಪಟ್ಟಿಯ ಕೆಳಗೆ ಸಾಗಲಿ. ಪಕ್ಕದ ಏರ್ ಬ್ಯಾಗ್ ಮಡಚಿಟ್ಟಿರುವ ಕಂಬಗಳ ಮೇಲೆ, ಪೆಡಲುಗಳ ಬಳಿ ಅದು ಹಾಯಲೇಬಾರದು. ನಂಬರ್ ಪ್ಲೇಟಿನ ಮೇಲ್ಭಾಗ, ನಟ್ಟನಡುವೆ ಕ್ಯಾಮೆರಾ ಇದ್ದರೆ ಒಳ್ಳೆಯದು, ಆದರೆ ಅದು ಅಂಕಿಗಳನ್ನು ಮರೆಮಾಡಬಾರದು.

ಪರದೆಯ ಮೇಲಿನ ಹಸಿರು, ಹಳದಿ, ಕೆಂಪು ಗೆರೆಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕ್ಯಾಮೆರಾದ ಎತ್ತರ, ಓರೆ ಬದಲಾದರೆ ಗೆರೆಯ ಅರ್ಥವೂ ಬದಲಾಗುತ್ತದೆ. ಸಮತಟ್ಟಾದ ಜಾಗದಲ್ಲಿ ಬಂಪರಿನಿಂದ ಅರ್ಧ ಮೀಟರ್, ಒಂದು ಮೀಟರ್, ಎರಡು ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಗೀಟು ಹಾಕಿ ಯಾವ ಗೆರೆ ಎಲ್ಲಿಗೆ ಬೀಳುತ್ತದೆಂದು ನೋಡಿಕೊಳ್ಳಿ. ಬಂಪರಿಗೆ ತಾಗಿಸಿ ಬಕೆಟ್ ಒಂದನ್ನು ಇಟ್ಟು, ಅದೂ ಕಾಣುವವರೆಗೆ ಕ್ಯಾಮೆರಾವನ್ನು ಬಗ್ಗಿಸಿ. ಮಳೆಗಾಲದಲ್ಲಿ ಲೆನ್ಸಿನ ಮೇಲೆ ಕೆಸರು ಕೂತು ಚಿತ್ರ ಮಸುಕಾಗುತ್ತದೆ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು, ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ.