ಫ್ರಿಜ್ ಮೇಲಿನ ಲಕೋಟೆ

ಸಿಡ್ನಿಯಲ್ಲಿ ನನ್ನ ಜೊತೆ ವೈರಿಂಗ್ ಮಾಡುವ ಹಾಸನದ ಅಣ್ಣನಿಗೆ 50 ತುಂಬಿದಾಗ ಸರ್ಕಾರದ ಲಕೋಟೆ ಬಂತು. ಮನೆಯಲ್ಲೇ ಎರಡು ಸಲ ಮಲದ ಸ್ಯಾಂಪಲ್ ತೆಗೆದು ಅಂಚೆಗೆ ಹಾಕಬೇಕು. "ಥೂ, ಇದೇನಪ್ಪಾ ಗಲೀಜು!" ಅಂತ ಫ್ರಿಜ್ ಮೇಲೆ ಎಸೆದರು.

ಆ ಲಕೋಟೆಗೂ ಒಂದು ಚರಿತ್ರೆ ಇದೆ. 2002ರಿಂದ 2004ರವರೆಗೆ ಮೆಲ್ಬರ್ನ್, ಅಡಿಲೇಡ್, ಮೆಕೈ ಕಡೆ ಪ್ರಯೋಗ ನಡೆಯಿತು. 2006ರಲ್ಲಿ ದೇಶಕ್ಕೆಲ್ಲ ಬಂತು, ಆದರೆ 55 ಮತ್ತು 65 ತುಂಬಿದವರಿಗೆ ಮಾತ್ರ. 2008ರಲ್ಲಿ 50 ತುಂಬಿದವರೂ ಸೇರಿದರು. 2020ರ ಹೊತ್ತಿಗೆ 50ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಎಂದಾಯಿತು. 2024ರ ಜುಲೈಯಿಂದ 45 ಆದವರೂ ಕೇಳಿ ಪಡೆಯಬಹುದು.

ಕರುಳಿನ ಸಣ್ಣ ಗಂಟು ಕ್ಯಾನ್ಸರ್ ಆಗೋಕೆ ವರ್ಷಗಳೇ ಬೇಕು. ಅಷ್ಟರಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗಬಹುದು. ನಮ್ಮ ಅರ್ಥ್ ಲೀಕೇಜ್ ಥರ: ಬಲ್ಬ್ ಉರೀತಾನೇ ಇರುತ್ತೆ, ಮೀಟರ್ ಹಿಡಿದರೇ ಗೊತ್ತಾಗೋದು.

ಅತ್ತಿಗೆ ಬೈದ ಮೇಲೆ ಅಣ್ಣ ಕಳಿಸಿದರು. ರಕ್ತದ ಅಂಶ ಸಿಕ್ಕಿತು. ಕೊಲೊನೋಸ್ಕೋಪಿಯಲ್ಲಿ ಎರಡು ಗಂಟು ತೆಗೆದರು, ಕ್ಯಾನ್ಸರ್ ಆಗಿರಲಿಲ್ಲ. ಈಗ ಮತ್ತೆ ಏಣಿ ಹತ್ತುತ್ತಿದ್ದಾರೆ.

ಈ ಲಕೋಟೆ ಬರೋದು ಮೆಡಿಕೇರ್ ಇದ್ದವರಿಗೆ. ತಾತ್ಕಾಲಿಕ ವೀಸಾದಲ್ಲಿರುವ ನನ್ನಂಥವರು ವಯಸ್ಸಾದಾಗ ಡಾಕ್ಟರನ್ನೋ ಔಷಧಿ ಅಂಗಡಿಯನ್ನೋ ತಾವೇ ಕೇಳಬೇಕು. ರಕ್ತ ಕಣ್ಣಿಗೇ ಕಂಡರೆ ಯಾವ ಲಕೋಟೆಗೂ ಕಾಯದೆ ಡಾಕ್ಟರ ಹತ್ತಿರ ಹೋಗಿ. ನಾಚಿಕೆ ಬೇಡ.